ಮಾತು ನಿಂತವರ ಪರವಾಗಿ ಯಾರ ಮಾತು?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹಳೆಯ ಮನೆಗಳಲ್ಲಿ, ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೋಗಿ ನೆಲಸಿದ ತರುವಾಯ, ಒಳಕೋಣೆಯ ಮಂಚದ ಮೇಲೆ ಮಲಗಿರುವ ಒಬ್ಬ ವೃದ್ಧ ತಾಯಿಯನ್ನೂ ಆಕೆಯ ಆರೈಕೆಗೆ ನಿಂತ ಒಬ್ಬ ಸೊಸೆಯನ್ನೋ ಸಂಬಳದ ಹೋಮ್ ನರ್ಸನ್ನೋ ಕಾಣುವುದು ಈಗ ಅಪೂರ್ವವಾದ ಸಂಗತಿಯಲ್ಲ. ಗದ್ದೆಯ ನಾಟಿಯಿಂದ ಮೊದಲ್ಗೊಂಡು ಮಕ್ಕಳ ಮದುವೆಯ ಸಂಬಂಧಗಳವರೆಗೆ ಮನೆಯ ಸಮಸ್ತ ವ್ಯವಹಾರವನ್ನೂ ಒಂದು ಕಾಲಕ್ಕೆ ತಾನೇ ನಿರ್ಣಯಿಸಿದ ಆ ತಾಯಿಗೆ ಇಂದು ಹೆಸರು ಹಿಡಿದು ಕೂಗಿದರೂ ತಿರುಗಿ ನೋಡುವ ಶಕ್ತಿಯಿಲ್ಲ. ಆಕೆಯ ಮೂಗಿಗೆ ನಳಿಕೆ ಹಾಕಬೇಕೆ, ಜ್ವರ ಬಂದಾಗ ಐಸಿಯುಗೆ ಸೇರಿಸಬೇಕೆ, ಉಸಿರು ಕಟ್ಟಿದರೆ ವೆಂಟಿಲೇಟರಿಗೆ ಹಚ್ಚಬೇಕೆ ಎಂಬ ನಿರ್ಣಯಗಳನ್ನು ಈಗ ಅನ್ಯರು, ಅದೂ ಬಹುಮಟ್ಟಿಗೆ ನಡುರಾತ್ರಿಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಫೋನನ್ನು ಕಿವಿಗೆ ಹಿಡಿದುಕೊಂಡು ಕೈಗೊಳ್ಳುತ್ತಾರೆ. ಹೀಗೆ ಮತ್ತೊಬ್ಬರ ದೇಹದ ವಿಷಯದಲ್ಲಿ ನಿರ್ಣಯ ಕೈಗೊಳ್ಳುವ ಅಧಿಕಾರ ನಮಗೆ ಎಲ್ಲಿಂದ ಬಂತು, ಅದನ್ನು ಧರ್ಮಕ್ಕೆ ಚ್ಯುತಿ ಬಾರದಂತೆ ನಡೆಸುವ ಬಗೆ ಯಾವುದು ಎಂದು ನಿಧಾನವಾಗಿ ಆಲೋಚಿಸಬೇಕಾದ ಕಾಲ ಬಂದಿದೆ.

ಕಾಲ ಬಂದಿದೆ ಎಂಬುದು ಉತ್ಪ್ರೇಕ್ಷೆಯಲ್ಲ. ದೇಶವ್ಯಾಪಿ ಸಮೀಕ್ಷೆಯೊಂದರ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರುವತ್ತು ದಾಟಿದವರ ಪೈಕಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ತಾರುಣ್ಯವೆಲ್ಲ ಹೊರಗೆ ದುಡಿಯಲು ಹೋಗಿ ವಾರ್ಧಕ್ಯ ಮಾತ್ರ ಊರಿನಲ್ಲಿ ಉಳಿದಿರುವ ನಮ್ಮ ಕರಾವಳಿಯಂಥ ಸೀಮೆಗಳಲ್ಲಿ ಈ ಭಾರ ಮತ್ತಷ್ಟು ಎದ್ದು ಕಾಣುತ್ತದೆ.

ಮರೆವಲ್ಲ, ಮರಣಾಂತಿಕ ವ್ಯಾಧಿ

ವಯಸ್ಸಾದ ಮೇಲೆ ಅರಳುಮರಳು ಸಹಜವೆಂದು ಬಗೆದು, ಅದನ್ನು ವ್ಯಾಧಿಯೆಂದು ಎಣಿಸದಿರುವುದು ನಮ್ಮ ಜನರ ರೂಢಿ. ವ್ಯಾಧಿಯೆಂದು ಒಪ್ಪಿದವರೂ ಅದು ನೆನಪನ್ನು ಮಾತ್ರ ಕಳೆಯುವುದೆಂದೂ ಪ್ರಾಣವನ್ನು ಕಳೆಯುವುದು ಬೇರಾವುದೋ ಕಾಯಿಲೆಯೆಂದೂ ತಿಳಿದಿರುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಮೊದಲು ಹೆಸರುಗಳನ್ನೂ ಅನಂತರ ದಾರಿಗಳನ್ನೂ ಅಪಹರಿಸಿದ ಈ ರೋಗ, ವರ್ಷಗಳು ಕಳೆದಂತೆ ಮಾತನ್ನು ಐದಾರು ಶಬ್ದಗಳಿಗೆ ಇಳಿಸಿ, ನಡಿಗೆಯನ್ನು ನಿಲ್ಲಿಸಿ, ಕುಳಿತುಕೊಳ್ಳುವ, ನಗುವ, ಕೊನೆಗೆ ತಲೆಯನ್ನು ಎತ್ತಿ ಹಿಡಿಯುವ ಸಾಮರ್ಥ್ಯವನ್ನೂ ಕಸಿದುಕೊಳ್ಳುತ್ತದೆ. ನುಂಗುವ ಕ್ರಿಯೆಯೂ ಕೆಮ್ಮಿ ಶ್ವಾಸನಾಳವನ್ನು ಶುದ್ಧವಾಗಿಟ್ಟುಕೊಳ್ಳುವ ಪ್ರತಿಕ್ರಿಯೆಯೂ ಮೆದುಳಿನ ಅಧೀನವೇ ಆದಕಾರಣ ಅವೂ ಶಿಥಿಲವಾಗುತ್ತವೆ.

ಅಮೆರಿಕದ ಬಾಸ್ಟನ್ ಪರಿಸರದ 22 ಶುಶ್ರೂಷಾಗೃಹಗಳಲ್ಲಿ ಈ ಅಂತಿಮ ಹಂತವನ್ನು ತಲುಪಿದ್ದ 323 ಮಂದಿಯನ್ನು ವೈದ್ಯೆ ಸೂಸನ್ ಮಿಚೆಲ್ ಮತ್ತು ಸಂಗಡಿಗರು 18 ತಿಂಗಳ ಕಾಲ ಅವಲೋಕಿಸಿ, 2009ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಆ ಅವಧಿಯಲ್ಲಿ ಶೇಕಡಾ 54.8 ಮಂದಿ ತೀರಿಕೊಂಡರು; ಶೇಕಡಾ 85.8 ಮಂದಿಗೆ ಉಣ್ಣುವುದರಲ್ಲಿ ತೊಡಕು ಕಾಣಿಸಿಕೊಂಡಿತು, ಶೇಕಡಾ 41.1 ಮಂದಿಗೆ ನ್ಯುಮೋನಿಯಾ ಬಂತು. ಅದೇ ಅಧ್ಯಯನದಲ್ಲಿ ಕಂಡುಬಂದ ಇನ್ನೊಂದು ಸಂಗತಿ ನಮಗೆ ಹೆಚ್ಚು ಪ್ರಸ್ತುತವಾದುದು: ರೋಗದ ಗತಿಯನ್ನೂ ಮುಂದೆ ಬರಲಿರುವ ತೊಡಕುಗಳನ್ನೂ ಮುಂಚಿತವಾಗಿ ಅರಿತುಕೊಂಡ ಬಂಧುಗಳಿದ್ದ ರೋಗಿಗಳು, ಜೀವನದ ಕೊನೆಯ ಮೂರು ತಿಂಗಳುಗಳಲ್ಲಿ ಕ್ಲೇಶಕರವಾದ ಚಿಕಿತ್ಸೆಗಳಿಗೆ ಗುರಿಯಾದದ್ದು ಬಹಳ ಕಡಮೆ. ಎಂದಮೇಲೆ ನಮ್ಮ ಮನೆಗಳಲ್ಲಿ ನಡೆಯುವ ತಪ್ಪುಗಳಲ್ಲಿ ಎಷ್ಟೋ ದುರುದ್ದೇಶದಿಂದ ಆದವಲ್ಲ, ಅಜ್ಞಾನದಿಂದ ಆದವು ಎನ್ನಬೇಕಾಗುತ್ತದೆ.

ಅನ್ನದ ಋಣ, ನಳಿಕೆಯ ನ್ಯಾಯ

"ಅಮ್ಮ ಉಂಬುದಿಲ್ಲೆ, ಎಂತ ಮಾಡೂದ್ ಡಾಕ್ಟ್ರೆ?" ಎಂಬ ಪ್ರಶ್ನೆ ಈ ಸೀಮೆಯಲ್ಲಿ ಎಲ್ಲ ಪ್ರಶ್ನೆಗಳಿಗಿಂತ ಮೊದಲು ಬರುತ್ತದೆ. ಅತಿಥಿಗೆ, ದೈವಕ್ಕೆ, ತೀರಿಹೋದ ಹಿರಿಯರಿಗೆ ಕೂಡ ಅನ್ನವಿಟ್ಟು ಗೌರವ ಸಲ್ಲಿಸುವ ನಾಡಿನಲ್ಲಿ, ಬದುಕಿರುವ ತಾಯಿ ತುತ್ತು ಒಲ್ಲೆನೆಂದು ಬಾಯಿ ಬಿಗಿಹಿಡಿದರೆ ಮಕ್ಕಳ ಎದೆ ಒಡೆಯದಿರುವುದೆ? ಅವಳನ್ನು ಹಸಿವೆಯಿಂದ ಸಾಯಗೊಟ್ಟರೆಂದು ನೆರೆಹೊರೆಯವರು ಆಡಿಕೊಳ್ಳುವರೆಂಬ ಅಂಜಿಕೆಯೂ ಅದರೊಡನೆ ಸೇರಿಕೊಳ್ಳುತ್ತದೆ. ಆ ದುಃಖಕ್ಕೂ ಅಂಜಿಕೆಗೂ ಸುಲಭವಾದ ಸಮಾಧಾನವಾಗಿ ರೈಲ್ಸ್ ಟ್ಯೂಬು, ಎಂದರೆ ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆ, ಒದಗಿಬರುತ್ತದೆ.

ಆದರೆ ಆ ನಳಿಕೆಯಿಂದ ಆಗುವ ಉಪಕಾರವೆಷ್ಟು ಎಂಬುದನ್ನು ವೈದ್ಯಶಾಸ್ತ್ರ ಪರೀಕ್ಷಿಸದೆ ಬಿಟ್ಟಿಲ್ಲ. ಥಾಮಸ್ ಫಿನುಕೇನ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಶೋಧಿಸಿ 1999ರಲ್ಲಿ ಬರೆದ ಸಮೀಕ್ಷೆಯಲ್ಲಿ, ಅಂತಿಮ ಹಂತದ ಡಿಮೆನ್ಷಿಯಾದಲ್ಲಿ ನಳಿಕೆಯ ಆಹಾರ ಆಯುಸ್ಸನ್ನು ಹೆಚ್ಚಿಸುತ್ತದೆ, ನ್ಯುಮೋನಿಯಾವನ್ನು ತಡೆಯುತ್ತದೆ, ಹಾಸಿಗೆ ಹುಣ್ಣನ್ನು ಮಾಯಿಸುತ್ತದೆ ಅಥವಾ ರೋಗಿಗೆ ಹಿತವನ್ನು ಉಂಟುಮಾಡುತ್ತದೆ ಎಂಬುದಕ್ಕೆ ಪ್ರಮಾಣವೇ ದೊರೆಯಲಿಲ್ಲವೆಂದು ಸಾರಿದರು. ಅಮೆರಿಕದ ವೃದ್ಧಚಿಕಿತ್ಸಾ ತಜ್ಞರ ಸಂಘ 2014ರಲ್ಲಿ, ಇಂಥ ರೋಗಿಗಳಿಗೆ ನಳಿಕೆ ಸಲ್ಲದು, ಕೈಯಾರೆ ಎಚ್ಚರದಿಂದ ಉಣಿಸುವುದೇ ತಕ್ಕುದು ಎಂದು ತನ್ನ ನಿಲುವನ್ನು ಪ್ರಕಟಿಸಿತು. ಮೂಗಿನಲ್ಲಿ ಏನೋ ಚುಚ್ಚುತ್ತಿದೆಯೆಂದು ಮಾತ್ರ ತಿಳಿಯಬಲ್ಲ ಆ ಜೀವ ನಳಿಕೆಯನ್ನು ಕಿತ್ತೆಸೆಯುತ್ತದೆ. ಮತ್ತೆ ಕೀಳದಿರಲೆಂದು ಕೈಗಳನ್ನು ಮಂಚಕ್ಕೆ ಕಟ್ಟುವುದಾಗುತ್ತದೆ. ಮಕ್ಕಳಿಗೆ ಉಣಿಸಿದ ಕೈಗಳನ್ನು ಉಣಿಸುವ ನೆಪದಲ್ಲಿ ಕಟ್ಟಿಹಾಕುವುದು ಯಾವ ಋಣದ ವಿಮೋಚನೆ?

ಹಾಗೆಂದು ನಳಿಕೆಯನ್ನು ನಿರಾಕರಿಸುವುದು ಅನ್ನವನ್ನು ನಿರಾಕರಿಸಿದಂತೆ ಅಲ್ಲ. ಉಣ್ಣದಿರುವುದಕ್ಕೆ ಬಾಯಿಹುಣ್ಣು, ಹಲ್ಲುನೋವು, ಮಲಬದ್ಧತೆ, ಮಾತ್ರೆಗಳ ದುಷ್ಪರಿಣಾಮ, ಮೂತ್ರದ ಸೋಂಕು ಮೊದಲಾದ ಪರಿಹಾರ್ಯ ಕಾರಣಗಳಿವೆಯೆ ಎಂದು ಮೊದಲು ನೋಡಬೇಕು. ಲಕ್ವದಂಥ ಹಠಾತ್ ಆಘಾತದಿಂದ ನುಂಗುವ ಶಕ್ತಿ ತಾತ್ಕಾಲಿಕವಾಗಿ ಕುಂದಿ ಚೇತರಿಕೆಯ ಸಂಭವವಿದ್ದಾಗ, ಕೆಲವು ದಿನಗಳ ಮಟ್ಟಿಗೆ ನಳಿಕೆ ನ್ಯಾಯವಾದುದೇ. ಅವೆಲ್ಲ ಇಲ್ಲವೆಂದು ನಿಶ್ಚಯವಾದ ಮೇಲೆ ಉಳಿಯುವುದು ಕೈತುತ್ತು: ತಲೆಯ ಕಡೆ ಎತ್ತರಿಸಿ ಕೂರಿಸಿ, ನೀರಾದ ಪದಾರ್ಥ ಶ್ವಾಸನಾಳಕ್ಕೆ ಜಾರುವುದರಿಂದ ಮಂದವಾದ ಕುಚ್ಚಲಕ್ಕಿ ಗಂಜಿಯನ್ನು ಸಣ್ಣ ಚಮಚದಲ್ಲಿ ಕೊಟ್ಟು, ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದನ್ನು ಮುಂದೊಡ್ಡಿ, ತುಟಿ ಮುಚ್ಚಿದೊಡನೆ ಅಲ್ಲಿಗೆ ನಿಲ್ಲಿಸಿ, ಒಣಗಿದ ಬಾಯನ್ನು ಒದ್ದೆಬಟ್ಟೆಯಿಂದ ತೇವಗೊಳಿಸುವುದು. ಇದಕ್ಕೆ ನಳಿಕೆಗಿಂತ ಹತ್ತುಪಾಲು ಹೆಚ್ಚು ಸಮಯವೂ ಸಹನೆಯೂ ಬೇಕು. ಸಾವು ಸಮೀಪಿಸಿದ ದೇಹದಲ್ಲಿ ಹಸಿವು ತಾನಾಗಿಯೇ ಹಿಂಜರಿಯುವುದುಂಟು. ಉಣ್ಣದ ಕಾರಣದಿಂದ ಆಕೆ ಸಾಯುತ್ತಿಲ್ಲ. ಸಾಯುತ್ತಿರುವ ಕಾರಣದಿಂದ ಉಣ್ಣುತ್ತಿಲ್ಲ.

ಉಳಿದ ಚಿಕಿತ್ಸೆಗಳನ್ನೂ ಹೀಗೆಯೇ ಒಂದೊಂದಾಗಿ ತೂಗಿ ನೋಡಬೇಕಲ್ಲದೆ, ಎಲ್ಲವೂ ಬೇಕೆಂದಾಗಲಿ ಯಾವುದೂ ಬೇಡವೆಂದಾಗಲಿ ಒಂದೇ ಮಾತಿನಲ್ಲಿ ತೀರ್ಮಾನಿಸುವುದು ವಿವೇಕವಲ್ಲ. ನ್ಯುಮೋನಿಯಾಕ್ಕೆ ಕೊಡುವ ಪ್ರತಿಜೈವಿಕ ಔಷಧ ಆಯುಸ್ಸನ್ನು ಲಂಬಿಸಿದರೂ ರೋಗಿಯ ಹಿತವನ್ನು ಹೆಚ್ಚಿಸಲಿಲ್ಲವೆಂದು 2010ರ ಅಧ್ಯಯನವೊಂದು ತೋರಿಸಿದೆ. ಅಲ್ಲಿ ಉದ್ದೇಶ ಆಯುಸ್ಸೋ ಹಿತವೋ ಎಂಬುದನ್ನು ಅವಲಂಬಿಸಿ ಉತ್ತರ ಬೇರೆಯಾಗುತ್ತದೆ. ಬಿದ್ದು ತೊಡೆಯ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆ ಎಷ್ಟೋ ಸಲ ನೋವನ್ನು ಶಮನಗೊಳಿಸುವ ಶ್ರೇಷ್ಠ ಉಪಾಯವಾದುದರಿಂದ, ಹೇಗೂ ನಡೆಯಲಾರದವಳಿಗೆ ಅದೇಕೆಂದು ತಳ್ಳಿಹಾಕುವುದು ಕ್ರೌರ್ಯವಾದೀತು. ಎದೆಬಡಿತ ನಿಂತಾಗ ಪಕ್ಕೆಲುಬು ಮುರಿಯುವಂತೆ ಎದೆಯನ್ನು ಅಮುಕುವುದು ಇಂಥವರಲ್ಲಿ ಫಲಕೊಡುವುದು ಅತ್ಯಂತ ವಿರಳ. ಆ ಕ್ರಿಯೆಯನ್ನು ಕೈಬಿಡುವ ಬಗೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ 2020ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ.

ನಿರ್ಣಯ ಯಾರದು?

ಬಾರಕೂರಿನ ಭೂತಾಳಪಾಂಡ್ಯನ ಹೆಸರಿನೊಡನೆ ಐತಿಹ್ಯ ಬೆಸೆದುಕೊಂಡಿರುವ ಅಳಿಯಸಂತಾನದ ಕಟ್ಟು ಚಲಾವಣೆಯಲ್ಲಿದ್ದ ಕಾಲದಲ್ಲಿ, ಆ ಕಟ್ಟಿಗೆ ಸೇರಿದ ಮನೆಗಳಲ್ಲಿ ಈ ಪ್ರಶ್ನೆ ಅಷ್ಟು ಜಟಿಲವಾಗಿರಲಿಲ್ಲ. ಯಜಮಾನನೆಂದರೆ ಸೋದರಮಾವ, ಇಲ್ಲವೆ ಮನೆಯ ಹಿರಿಯ ಹೆಂಗಸು, ಅವರ ಮಾತೇ ಕೊನೆಯ ಮಾತು. ಕುಟುಂಬಗಳು ಒಡೆದು ಚದುರಿದ ಈ ದಿನಗಳಲ್ಲಿ ಹಗಲಿರುಳು ಮಲಮೂತ್ರ ಬಾಚುವವಳಿಗೆ ಮಾತಿಲ್ಲ, ಮಾತುಳ್ಳವರಿಗೆ ಆಕೆಯ ದೈನಂದಿನ ಸ್ಥಿತಿಯ ಅರಿವಿಲ್ಲ. ವರ್ಷಕ್ಕೊಮ್ಮೆ ಬರುವ ಮಗ ವಿಮಾನದಿಂದಿಳಿದು ನೇರವಾಗಿ ಆಸ್ಪತ್ರೆಗೆ ಧಾವಿಸಿ, ಖರ್ಚೆಷ್ಟಾದರೂ ಚಿಂತೆಯಿಲ್ಲ, ಎಲ್ಲವನ್ನೂ ಮಾಡಿ ಎಂದು ಆಜ್ಞಾಪಿಸುವ ದೃಶ್ಯ ನಮ್ಮಲ್ಲಿ ಮಾತ್ರ ಕಾಣುವಂಥದಲ್ಲ; ಕೆನಡಾದ ವೈದ್ಯರು 1991ರಲ್ಲಿಯೇ ಇದನ್ನು ಗುರುತಿಸಿ, ದೂರದೂರಿನಿಂದ ಬಂದಿಳಿಯುವ ಇಂಥ ಬಂಧುವಿಗೆ "ಕ್ಯಾಲಿಫೋರ್ನಿಯಾದ ಮಗಳು" ಎಂದು ಹೆಸರಿಟ್ಟರು. ಆ ಮಗನದು ಕಪಟವಲ್ಲ. ಆದರೆ ಅವನು ಕೊಡಿಸುವ ಚಿಕಿತ್ಸೆಯಲ್ಲಿ ಬಹುಪಾಲು ತನ್ನ ಗೈರುಹಾಜರಿಯ ಪ್ರಾಯಶ್ಚಿತ್ತ. ಮಗನ ಪ್ರಾಯಶ್ಚಿತ್ತದ ಬೆಲೆಯನ್ನು ತಾಯಿಯ ದೇಹ ತೆರಬೇಕೆಂಬುದು ಯಾವ ಶಾಸ್ತ್ರದಲ್ಲಿದೆ?

ನಿರ್ಣಯದ ಅಧಿಕಾರ ಯಾರದೆಂಬ ಪ್ರಶ್ನೆಯನ್ನು ದೇಶದ ಪರಮೋಚ್ಚ ನ್ಯಾಯಾಲಯದ ಮುಂದೆ ಮೊತ್ತಮೊದಲು ಗಾಢವಾಗಿ ನಿಲ್ಲಿಸಿದ ಪ್ರಕರಣವೂ ನಮ್ಮ ಕರಾವಳಿಯ ಹೆಣ್ಣುಮಗಳದೇ. ಬೈಂದೂರಿನಿಂದ ಉತ್ತರಕ್ಕೆ ಭಟ್ಕಳ, ಹೊನ್ನಾವರಗಳನ್ನು ದಾಟಿದರೆ ಸಿಗುವ ಹಳದೀಪುರದವರಾದ ಅರುಣಾ ಶಾನಭಾಗ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ 1973ರ ನವೆಂಬರಿನಲ್ಲಿ ಪಾಶವೀ ಆಕ್ರಮಣಕ್ಕೆ ತುತ್ತಾಗಿ, ಮೆದುಳಿನ ಚೈತನ್ಯವನ್ನು ಕಳೆದುಕೊಂಡು, 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರದು ಡಿಮೆನ್ಷಿಯಾ ಅಲ್ಲ. ಆದರೆ ತನ್ನ ಇಚ್ಛೆಯನ್ನು ಹೇಳಲಾರದವರ ಪರವಾಗಿ ಹೇಳುವವರು ಯಾರೆಂಬುದು ಅಲ್ಲಿಯೂ ವಿವಾದದ ತಿರುಳಾಗಿತ್ತು. ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ತಿರಸ್ಕರಿಸುವಾಗ ನ್ಯಾಯಾಲಯ, ದಶಕಗಳ ಕಾಲ ಮಗುವಿನಂತೆ ಸಲಹಿದ ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ನಿಜವಾದ ಆಪ್ತರೆಂದು ಮನ್ನಿಸಿ, ಅವರ ಇಚ್ಛೆಗೇ ಮಹತ್ವವನ್ನು ಕೊಟ್ಟಿತು. ರಕ್ತಸಂಬಂಧಕ್ಕಿಂತಲೂ ಬರಹದ ಸಹಾನುಭೂತಿಗಿಂತಲೂ ನಿತ್ಯದ ಶುಶ್ರೂಷೆಗೆ ಹೆಚ್ಚಿನ ಅಧಿಕಾರವುಂಟೆಂಬ ಈ ತತ್ತ್ವ ಮೇಲೆ ಹೇಳಿದ ಸೊಸೆಗೂ ಅನ್ವಯಿಸಬೇಕಾದುದು.

ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು "ಅಳಿದ ಮೇಲೆ" ಎಂಬ ಕಾದಂಬರಿಯಲ್ಲಿ, ಮುಂಬಯಿಯಲ್ಲಿ ತೀರಿಕೊಂಡ ಯಶವಂತರಾಯನೆಂಬವನ ನಿಜವಾದ ವ್ಯಕ್ತಿತ್ವವನ್ನು, ಅವನು ಬಿಟ್ಟುಹೋದ ಬರಹಗಳಿಂದಲೂ ಅವನನ್ನು ಬಲ್ಲವರ ಮಾತುಗಳಿಂದಲೂ ತುಣುಕು ತುಣುಕಾಗಿ ಕೂಡಿಸಿಕೊಳ್ಳುತ್ತ ಹೋಗುವ ಕಥನವನ್ನು ರಚಿಸಿದ್ದಾರೆ. ಅಲ್ಲಿ ಅಳಿದ ಮೇಲೆ ನಡೆಯುವ ಶೋಧವನ್ನು ಡಿಮೆನ್ಷಿಯಾದ ರೋಗಿಯ ವಿಷಯದಲ್ಲಿ ಅಳಿಯುವ ಮೊದಲೇ ನಡೆಸಬೇಕಾಗಿದೆ. ತಾಯಿ ತನ್ನ ಅತ್ತೆಯ ಕೊನೆಗಾಲವನ್ನು ಕಂಡು ಏನೆಂದಿದ್ದಳು? ಆಸ್ಪತ್ರೆಯೆಂದರೆ ಹೆದರುತ್ತಿದ್ದಳೆ, ನೆಚ್ಚುತ್ತಿದ್ದಳೆ? ಪರರ ಕೈಯಿಂದ ಮೈ ತೊಳೆಸಿಕೊಳ್ಳುವುದನ್ನು ಹೇಗೆ ಭಾವಿಸುತ್ತಿದ್ದಳು? ಈ ಸಾಕ್ಷ್ಯಗಳು ಅಣ್ಣನೊಬ್ಬನಲ್ಲಿ ಇಲ್ಲ. ತಂಗಿಯಲ್ಲಿ, ಗದ್ದೆಗೆ ಬರುತ್ತಿದ್ದ ಒಕ್ಕಲಿನವಳಲ್ಲಿ, ದೇವಸ್ಥಾನದ ಜಗುಲಿಯ ಗೆಳತಿಯರಲ್ಲಿ ಹಂಚಿಹೋಗಿವೆ. "ನಿಮಗೆ ಏನು ಬೇಕು?" ಎಂದು ವೈದ್ಯರು ಮಕ್ಕಳನ್ನು ಕೇಳುವುದು ತಪ್ಪು ಪ್ರಶ್ನೆ, "ನಿಮ್ಮ ತಾಯಿಗೆ ಈಗ ಅರೆಗಳಿಗೆ ಬುದ್ಧಿ ಮರಳಿ, ತನ್ನ ಸ್ಥಿತಿಯನ್ನು ತಾನೇ ಕಂಡರೆ, ಏನೆಂದಾರು?" ಎಂಬುದೇ ಸರಿಯಾದ ಪ್ರಶ್ನೆ.

ಇದಕ್ಕೊಂದು ಆಕ್ಷೇಪವುಂಟು. ಹಿಂದೆ ಮಾತಾಡಿದ ಆ ವಿವೇಕಿಯೂ ಇಂದು ಮಂಚದ ಮೇಲಿರುವ ಈ ಜೀವವೂ ಒಬ್ಬಳೆಯೆ? ಅಮೆರಿಕದ ನ್ಯಾಯತತ್ತ್ವಜ್ಞ ರೊನಾಲ್ಡ್ ಡ್ವರ್ಕಿನ್ 1993ರ ತನ್ನ ಗ್ರಂಥದಲ್ಲಿ, ಬುದ್ಧಿ ಸ್ವಸ್ಥವಾಗಿದ್ದಾಗ ಮನುಷ್ಯ ತನ್ನ ಬಾಳಿಗೆ ಕೊಟ್ಟುಕೊಂಡ ಅರ್ಥವೇ ಕೊನೆಯವರೆಗೂ ಮಾನ್ಯವಾಗಬೇಕೆಂದು ವಾದಿಸಿದನು. ರೆಬೆಕ್ಕಾ ಡ್ರೆಸರ್ ಎಂಬ ವಿದುಷಿ, ಇಂದು ಹಾಡಿಗೆ ತಲೆದೂಗಿ ಸಿಹಿಗೆ ಬಾಯಿ ತೆರೆಯುವ ಜೀವದ ಸುಖವನ್ನು ಅಂದಿನ ಮಾತಿಗಾಗಿ ಬಲಿಗೊಡಬಾರದೆಂದು ಪ್ರತಿಪಾದಿಸಿದಳು. ನೆದರ್ಲೆಂಡ್ಸಿನಲ್ಲಿ ಈ ವಿವಾದ ಪರಾಕಾಷ್ಠೆಗೆ ಮುಟ್ಟಿ, ತೀವ್ರ ಡಿಮೆನ್ಷಿಯಾದವರಿಗೆ ಹಿಂದಿನ ಲಿಖಿತ ಕೋರಿಕೆಯ ಮೇರೆಗೆ ಮರಣವನ್ನು ಕೊಡಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2020ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ನಮ್ಮ ಕಾನೂನು ಅದನ್ನು ಒಪ್ಪುವುದಿಲ್ಲ. ನಮ್ಮ ಪರಂಪರೆಯೂ ಅತ್ತ ಕೈತೋರುವುದಿಲ್ಲ. ಮುಪ್ಪಿನಲ್ಲಿಯೂ ಪರಿಹಾರವಿಲ್ಲದ ವ್ಯಾಧಿಯಲ್ಲಿಯೂ ಸಲ್ಲೇಖನವನ್ನು ವಿಧಿಸಿದ ಜೈನ ಆಚಾರ್ಯ ಸಮಂತಭದ್ರರ ಶಾಸ್ತ್ರದಲ್ಲಿಯೂ ಅದು ಎಚ್ಚರದಿಂದ, ಸ್ವಯಂ ಕೈಗೊಳ್ಳುವ ವ್ರತವೇ ಹೊರತು ಪ್ರಜ್ಞೆ ಅಳಿದವರ ಮೇಲೆ ಪರರು ಹೇರಬಹುದಾದ ಕ್ರಿಯೆಯಲ್ಲ. ಆದಕಾರಣ ಅಂದಿನ ಮಾತು ಭಾರವಾದ ಚಿಕಿತ್ಸೆಯನ್ನು ಬೇಡವೆನ್ನಲು ಪ್ರಮಾಣವಾಗಲಿ. ಇಂದಿನ ಮುಖ, ಅದರ ನೋವು, ಅದರ ನಸುನಗೆ, ದಿನದಿನದ ಆರೈಕೆಗೆ ಪ್ರಮಾಣವಾಗಲಿ. ಎರಡನ್ನೂ ಹೀಗೆ ತಮ್ಮ ತಮ್ಮ ಸ್ಥಾನದಲ್ಲಿ ಇರಿಸಿದರೆ ವಿರೋಧ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಕಾನೂನು ಕೊಟ್ಟ ದಾರಿ

ಘನತೆಯಿಂದ ಮರಣಿಸುವ ಹಕ್ಕು ಸಂವಿಧಾನದ 21ನೆಯ ವಿಧಿಯ ಅಂಗವೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಸಾರಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಎಂದರೆ ಲಿವಿಂಗ್ ವಿಲ್‌ಗೆ, ಮಾನ್ಯತೆ ಕೊಟ್ಟಿತು. ಮ್ಯಾಜಿಸ್ಟ್ರೇಟರ ರುಜುವೇ ಬೇಕೆಂಬ ಮೊದಲಿನ ನಿಬಂಧನೆ ಆಚರಣೆಗೆ ದುಸ್ತರವಾದುದರಿಂದ 2023ರ ಜನವರಿ 24ರಂದು ಅದನ್ನು ಸಡಿಲಿಸಿ, ಸ್ವಸ್ಥಚಿತ್ತನಾದ ವಯಸ್ಕನು ಇಬ್ಬರು ಸಾಕ್ಷಿಗಳ ಸಮಕ್ಷಮ ರುಜು ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿಕೊಂಡರೆ ಸಾಕೆಂದು ವಿಧಿಸಿತು. ತನ್ನ ಪರವಾಗಿ ಮಾತಾಡತಕ್ಕವರ ಹೆಸರುಗಳನ್ನು ಅದರಲ್ಲಿಯೇ ಸೂಚಿಸಬಹುದು. ಪ್ರತಿಯೊಂದನ್ನು ಪುರಸಭೆ ಅಥವಾ ಪಂಚಾಯಿತಿಯ ನಿಯುಕ್ತ ಅಧಿಕಾರಿಯ ವಶಕ್ಕೆ ಕೊಡುವ ಏರ್ಪಾಡೂ ಇದೆ. ಮುಂದೆ ರೋಗ ಗುಣವಾಗದೆಂಬ ಹಂತ ಬಂದಾಗ, ಚಿಕಿತ್ಸೆ ನೀಡುವ ವೈದ್ಯರನ್ನೊಳಗೊಂಡ ಮೂವರ ಪ್ರಾಥಮಿಕ ಮಂಡಳಿ ಪರಿಶೀಲಿಸಿ, ಜಿಲ್ಲಾ ವೈದ್ಯಾಧಿಕಾರಿಯ ನಾಮನಿರ್ದೇಶಿತರಿರುವ ದ್ವಿತೀಯ ಮಂಡಳಿ ಅನುಮೋದಿಸಬೇಕು. ಎರಡೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ತಿಳಿಸಬೇಕು. ನಿರ್ದೇಶನವೇ ಇಲ್ಲದಿದ್ದಲ್ಲಿ ಆಪ್ತ ಬಂಧುಗಳ ಸಮ್ಮತಿಯಿಂದ ಇದೇ ಕ್ರಮ ನಡೆಯತಕ್ಕದ್ದು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರಂಥವರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ನಮ್ಮ ರಾಜ್ಯದಲ್ಲಿ, ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿ ಈ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಸ್ವಸ್ಥಚಿತ್ತ ಎಂಬ ನಿಬಂಧನೆಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಅರ್ಬುದ ರೋಗಿ ಕೊನೆಯ ವಾರದಲ್ಲಿಯೂ ತನ್ನ ಇಚ್ಛೆಯನ್ನು ಬರೆಯಿಸಬಲ್ಲನು; ಡಿಮೆನ್ಷಿಯಾದ ರೋಗಿಗೆ ಆ ಬಾಗಿಲು ವರ್ಷಗಳಷ್ಟು ಮೊದಲೇ ಮುಚ್ಚಿಹೋಗುತ್ತದೆ. ಆದುದರಿಂದ ರೋಗದ ಹೆಸರನ್ನು ರೋಗಿಯಿಂದ ಬಚ್ಚಿಟ್ಟು ಮಕ್ಕಳಿಗಷ್ಟೇ ಹೇಳುವ ನಮ್ಮ ಪದ್ಧತಿ, ಕರುಣೆಯಂತೆ ತೋರಿದರೂ, ಆತನಿಗೆ ಮಾತಿದ್ದ ಕಾಲವನ್ನೇ ವ್ಯರ್ಥಗೊಳಿಸುವ ಅನ್ಯಾಯ.

ಇನ್ನೊಂದು ಅಪಾಯವನ್ನೂ ಮರೆಮಾಚದೆ ಹೇಳಬೇಕು. ಚಿಕಿತ್ಸೆಯನ್ನು ಕೈಬಿಡುವ ಮಾತು ಕೆಲವೆಡೆ ಆಸ್ತಿಯ ಆಸೆಯಿಂದಲೂ ಆರೈಕೆಯ ದಣಿವಿನಿಂದಲೂ ಹುಟ್ಟಬಹುದು. ಎರಡು ಮಂಡಳಿಗಳ ನಿಬಂಧನೆ ಇರುವುದೇ ಅದಕ್ಕಾಗಿ. ಆದರೆ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಮಂಡಳಿಯ ಕಣ್ಣಿಗೆ ಬೀಳುವುದೇ ಇಲ್ಲ. ಐಸಿಯುನ ಬಿಲ್ಲು ಏರುತ್ತ ಹೋಗಿ ಕೈ ಬರಿದಾದ ದಿನ, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆಂದು ರುಜು ಹಾಕಿ, ಏದುಸಿರು ಬಿಡುವ ರೋಗಿಯನ್ನು ಆಂಬುಲೆನ್ಸಿನಲ್ಲಿ ಮನೆಗೆ ತರುತ್ತಾರೆ. ನೋವಿಗೆ ಔಷಧವಿಲ್ಲ, ಉಸಿರಿನ ಕಷ್ಟಕ್ಕೆ ಉಪಶಮನವಿಲ್ಲ, ಕೇಳುವವರಿಲ್ಲ. ಚಿಕಿತ್ಸೆಯನ್ನು ನಿಲ್ಲಿಸುವುದು ಧರ್ಮವಾಗಬಹುದು, ಆರೈಕೆಯನ್ನು ನಿಲ್ಲಿಸುವುದು ಎಂದಿಗೂ ಧರ್ಮವಾಗಲಾರದು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮಣಿಪಾಲದ ಆಸ್ಪತ್ರೆಯಲ್ಲಿ ಉಪಶಾಮಕ ಚಿಕಿತ್ಸೆಗೆಂದೇ ವಿಭಾಗವಿರುವುದು ಈ ಸೀಮೆಯ ಭಾಗ್ಯ. ಆದರೆ ಬ್ರಹ್ಮಾವರದವರಿಗೆ ಹತ್ತಿರವಾದ ಮಣಿಪಾಲ, ಶಿರೂರು, ಕೊಲ್ಲೂರು ಕಡೆಯ ಹಾಸಿಗೆ ಹಿಡಿದ ರೋಗಿಗೆ ಬಲುದೂರ. ತಾಲೂಕು ಆಸ್ಪತ್ರೆಗಳಲ್ಲಿ ಈ ವಿದ್ಯೆಯನ್ನು ಬಲ್ಲ ಒಬ್ಬ ವೈದ್ಯರೂ ಮನೆಮನೆಗೆ ಹೋಗಬಲ್ಲ ಇಬ್ಬರು ದಾದಿಯರೂ ಇರುವಂತೆ ಸರ್ಕಾರ ಏರ್ಪಡಿಸದಿದ್ದರೆ, ಸುತ್ತೋಲೆ ಕೊಟ್ಟ ಹಕ್ಕು ಪೇಟೆಯವರ ಹಕ್ಕಾಗಿಯೇ ಉಳಿದೀತು.

ಸರ್ಕಾರ ಮಾಡತಕ್ಕುದನ್ನು ಸರ್ಕಾರ ಮಾಡಲಿ. ನಮ್ಮಿಂದ ಆಗತಕ್ಕ ಕಾರ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಹಬ್ಬಕ್ಕೋ ಮನೆದೈವದ ಕೋಲಕ್ಕೋ ಮಕ್ಕಳು ಮೊಮ್ಮಕ್ಕಳೆಲ್ಲ ಊರಿಗೆ ಕೂಡುವ ದಿನ, ಜಾಗದ ಪಾಲಿನ ಮಾತು ಮುಗಿದ ಮೇಲಾದರೂ, ಹಿರಿಯರನ್ನು ಕೇಳಿರಿ: ತಮಗೆ ಮಾತು ನಿಂತರೆ ತಮ್ಮ ಪರವಾಗಿ ಯಾರು ಮಾತಾಡಬೇಕು, ನಳಿಕೆ ಮತ್ತು ಯಂತ್ರಗಳ ವಿಷಯದಲ್ಲಿ ತಮ್ಮ ಮನಸ್ಸೇನು, ಕೊನೆಯ ದಿನಗಳು ಮನೆಯಲ್ಲಿ ಕಳೆಯಬೇಕೋ ಆಸ್ಪತ್ರೆಯಲ್ಲೋ. ಅಪಶಕುನದ ಮಾತೆಂದು ಮೊದಲು ಗದರಿಸಿಯಾರು. ಗದರಿಸಿದರೂ ಇನ್ನೊಮ್ಮೆ ಕೇಳಿರಿ, ಹೇಳಿದುದನ್ನು ಬರೆದಿಟ್ಟು, ಇಬ್ಬರು ಸಾಕ್ಷಿಗಳೊಡನೆ ನೋಟರಿಯ ಬಳಿಗೆ ಹೋಗಿ ಬನ್ನಿರಿ. ಆಸ್ತಿಗೆ ಉಯಿಲು ಬರೆಯಿಸಲು ನಾಚದ ನಾವು ದೇಹಕ್ಕೆ ಉಯಿಲು ಬರೆಯಿಸಲು ನಾಚಬೇಕಾದ ಕಾರಣವಿಲ್ಲ.